ಇಲಿಯ ಪದ್ಯ ಅರ್ಥವಾದದ್ದು

ಹೊಸದುರ್ಗ,
೯ ಡಿಸೆಂಬರ್ ೨೦೨೪

ಪ್ರೀತಿಯ ದಿವ್ಯಾ,

ಹೇಗಿದ್ದೀಯಮ್ಮ? ಕಾಲಿನ ಬಾವು ಇಳಿಯಿತೇ? ಏಳು ತಿಂಗಳು ತುಂಬಿದೆ, ಹೆಚ್ಚು ಹೊತ್ತು ನಿಂತಿರಬೇಡ ಎಂದು ನಿನ್ನ ಅತ್ತೆ ಬರೆಯಲು ಹೇಳಿದ್ದಾಳೆ. ತುರುವನೂರಿನಲ್ಲಿ ಬೀಗರು ಕ್ಷೇಮವೆಂದು ನಂಬಿದ್ದೇನೆ. ಫೋನ್ ಮಾಡಿದರೆ ನೀನು ‘ಚೆನ್ನಾಗಿದ್ದೇನೆ ಮಾವ, ಅತ್ತೆಗೆ ಕೊಡುತ್ತೀರಾ’ ಎಂದು ಎರಡೇ ಮಾತಿಗೆ ಮುಗಿಸುತ್ತೀಯ. ಅದಕ್ಕೇ ಈ ಕಾಗದ.

ಮೊನ್ನೆ ಪಕ್ಕದ ಮನೆಯ ರಂಜಿತಾ ತನ್ನ ಬಿ.ಎ. ಪುಸ್ತಕ ಹಿಡಿದು ಬಂದಳು. ಸ್ಕಾಟ್ಲೆಂಡಿನ ಹಳ್ಳಿಮಾತಿನ ಒಂದು ಹಳೆಯ ಪದ್ಯ. ಉಳುವಾಗ ನೇಗಿಲು ತಗುಲಿ ಇಲಿಯ ಗೂಡು ಕಿತ್ತುಹೋಗುತ್ತದೆ, ರೈತ ಆ ಇಲಿಯ ಜೊತೆ ಮಾತಾಡುತ್ತಾನೆ. ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿದವನಲ್ಲವೇ ನಾನು, ಅದನ್ನು ಎಂದಿನಂತೆ ಶುದ್ಧ ಇಂಗ್ಲಿಷಿಗೆ ತಿರುಗಿಸಿ ನೋಟ್ಸ್ ಬರೆಸಿದೆ. ಎಲ್ಲ ಬರೆದುಕೊಂಡು ಅವಳು, ‘ಇದ್ರಾಗೆ ಚೆಂದ ಏನೈತೆ ಸಾರ್?’ ಎಂದಳು. ನಾನು ಅದೇ ನೋಟ್ಸನ್ನು ಮತ್ತೊಮ್ಮೆ ಓದಿ ಹೇಳಿದೆ.

ಅವಳ ಅಜ್ಜಿ ಏಕನಾಥಮ್ಮ ಅಲ್ಲೇ ಜಗಲಿಯಲ್ಲಿ ನಿನ್ನ ಅತ್ತೆಯ ಜೊತೆ ಅವರೆಕಾಯಿ ಸುಲಿಯುತ್ತಿದ್ದರು. ‘ನಮ್ಮ ಹೊಲದಾಗೂ ಹಂಗೇ ಆಗಿತ್ತು ಮೇಷ್ಟ್ರೇ,’ ಎಂದರು. ‘ಇನ್ನೂ ಕಣ್ಣು ಬಿಡದ ಮರಿಗಳು. ಕಾಣ್ಲಿಲ್ಲ ಕಣವ್ವ, ಹೆದ್ರಬ್ಯಾಡ, ಆ ಬದಿಗೆ ಹೋಗು ಅಂತ ತಾಯಿಗೆ ಹೇಳಿದ್ದೆ. ಪುಸ್ತಕದ ಮಾತು ಆಡಿದ್ರೆ ಅದು ನಂಬ್ತಿತ್ತಾ?’

ಅವರು ಹೋದ ಮೇಲೆ ಪದ್ಯವನ್ನು ತಿರುಗಿಸದೆ, ಇದ್ದ ಹಾಗೇ ಗಟ್ಟಿಯಾಗಿ ಓದಿದೆ. ಮುಗಿಸಿ ಮತ್ತೊಮ್ಮೆ ಮೊದಲಿನಿಂದ ಓದಿದೆ. ಇಷ್ಟು ವರ್ಷ ನಾನು ಆ ರೈತನ ಮಾತನ್ನು ತಿದ್ದುತ್ತಲೇ ಬಂದಿದ್ದೆ.

ಗೌರಿಹಬ್ಬದ ದಿನ ನೆನಪಾಯಿತು. ನೆಂಟರಿಗೆ ಬಡಿಸುತ್ತ ನೀನು, ‘ಪಾಯಸ ಇನ್ನೂ ಐತೆ, ಹಾಕಿಸ್ಕಳ್ರಿ’ ಎಂದೆ. ‘ಐತೆ ಅಲ್ಲಮ್ಮ, ಇದೆ’ ಎಂದೆ ನಾನು. ಎಲ್ಲರೂ ನಕ್ಕರು. ನೀನು ಸೌಟು ಕೆಳಗಿಟ್ಟು ಒಳಗೆ ಹೋದೆ. ಅಂದಿನಿಂದ ನನ್ನೊಡನೆ ಒಂದೂ ತಪ್ಪಿಲ್ಲದ ಕನ್ನಡ ಆಡುತ್ತಿದ್ದೀಯ. ಸೊಸೆ ಸುಧಾರಿಸಿದಳೆಂದು ಹಿಗ್ಗಿದವನೂ ನಾನೇ.

ಬೀಗರಿಗೆ ನಮಸ್ಕಾರ ತಿಳಿಸು. ನೀನೂ ಹೊಟ್ಟೆಯೊಳಗಿನ ಕೂಸೂ ತಣ್ಣಗಿರಿ.

ನಿನ್ನ ಮಾವ,
ನಾಗರಾಜಪ್ಪ

ಲಕೋಟೆ ಅಂಟಿಸುವ ಮೊದಲು: ಇಷ್ಟು ಬರೆದರೂ ಹೇಳಬೇಕಾದ್ದನ್ನು ಹೇಳಲಿಲ್ಲ. ನಮ್ಮವ್ವ ನನಗೆ ಕಲಿಸಿದ ಮಾತಿನಲ್ಲೇ ಹೇಳುತ್ತೇನೆ, ಐವತ್ತು ವರ್ಷದಿಂದ ಆಡಿಲ್ಲ, ಸರಿಯೋ ಇಲ್ಲವೋ ನೀನೇ ನೋಡು. ನಂದು ತಪ್ಪಾತವ್ವ, ಮನಸಿನಾಗೆ ಇಟ್ಕಬ್ಯಾಡ. ಬರೋ ಭಾನುವಾರ ಬಸ್ ಹತ್ತಿ ತುರುವನೂರಿಗೆ ಬತ್ತೀನಿ. ಬ್ಯಾಡ ಅನ್ನಂಗಿದ್ರೆ ಫೋನ್ ಮಾಡು, ಆದ್ರೆ ನಿನ್ ಮಾತಿನಾಗೇ ಬೈಯಿ.