ಡ್ರೈವರ್ ಕೋಟೆ ಹತ್ತಿದ ದಿನ

ಶನಿವಾರ, ಫೆಬ್ರವರಿ ೮. ಲಾಡ್ಜ್ ಕೋಣೆ.

ಮೊಣಕಾಲು ಸಿಡಿಯುತ್ತಿದೆ, ನಿದ್ದೆ ಹತ್ತುತ್ತಿಲ್ಲ. ಸಿಡಿಯಲಿ. ಟೂರಿಸ್ಟ್ ಬಸ್ ಓಡಿಸುತ್ತಿದ್ದ ಕಾಲದಲ್ಲಿ ಈ ಊರಿಗೆ ಎಷ್ಟು ಸಲ ಬಂದೆನೋ. ಜನ ಬೆಟ್ಟ ಹತ್ತಿ ಕೋಟೆ ನೋಡಿ ಬರುವವರೆಗೆ ನಾನು ಕೆಳಗೆ ಬಸ್ಸು ಕಾಯುತ್ತಿದ್ದೆ. ಮೇಲೆ ಒಮ್ಮೆಯೂ ಹೋಗಿರಲಿಲ್ಲ. ನಿವೃತ್ತಿಯಾದ ಮೇಲೆ ಇವತ್ತು ಹೆಂಡತಿಯ ಜೊತೆ ಬೇರೆಯವರ ಬಸ್ಸಿನಲ್ಲಿ ಬಂದೆ.

ಚಹಾ ಅಂಗಡಿಯವನು ಗುರುತು ಹಿಡಿದ. "ಏನ್ ಡ್ರೈವರಣ್ಣ, ಗಾಡಿ ಎಲ್ಲಿ?"

"ಗಾಡಿ ಬೇರೆಯವ್ರು ಕಾಯ್ತಾರೆ. ನಾನು ಮೇಲಕ್ಕೆ ಹೊರಟೆ."

"ಈ ವಯಸ್ಸಲ್ಲಾ?" ಅವನು ನಕ್ಕೇಬಿಟ್ಟ.

ಬಂಡೆಯಲ್ಲಿ ಕೊರೆದ ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲಿ ಜೀವ ಬಾಯಿಗೆ ಬಂತು. ಕುಳಿತುಬಿಟ್ಟೆ.

"ಸಾಕು ಕಣೇ, ನೀನು ನೋಡ್ಕೊಂಡು ಬಾ."

ಇವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಇಷ್ಟು ವರ್ಷ ಕಾದಿದ್ದು ಸಾಲ್ದಾ? ಏಳ್ರಿ ಮೇಲೆ!"

ಆ ಗದರಿಕೆಗೇ ಎದ್ದೆ.

ಕೋಟೆಯ ಕಲ್ಲುಬಾಗಿಲು ದಾಟಿದ್ದೇ ತಡ, ಗಾಳಿ ಮುಖಕ್ಕೆ ರಾಚಿತು. ಕೆಳಗೆ ಕಾಡು, ಹೊಳೆ, ಹೆಂಚಿನ ಮನೆಗಳು, ಬೆಂಕಿಪೊಟ್ಟಣದಷ್ಟು ಬಸ್ಸು. ಎದೆ ತುಂಬಿ ಬಂದು ಜೋರಾಗಿ ಕೂಗಿದೆ. ಎದುರು ಬೆಟ್ಟ ಓಗೊಟ್ಟಿತು. ಇವಳೂ ಕೂಗಿದಳು. ಆಮೇಲೆ ಇಬ್ಬರೂ ಅಲ್ಲೇ ಬಂಡೆಯ ಮೇಲೆ ಕುಳಿತೆವು.

ಅಷ್ಟರಲ್ಲಿ ಕೆಳಗಿನಿಂದ ಹಾರ್ನ್. ಇಳಿದು ಬನ್ನಿ ಎಂದು ನಾನೂ ಹೀಗೇ ಬಾರಿಸುತ್ತಿದ್ದೆ. ಇವಳು ಗಾಬರಿಯಿಂದ ಎದ್ದಳು.

"ಬಾರಿಸ್ಲಿ ಬಿಡೇ," ಎಂದೆ, "ಇನ್ನೂ ಸ್ವಲ್ಪ ಹೊತ್ತು ಕೂರೋಣ."