ಕಿಟಕಿಗೆ ಅಂಟಿಸಿದ ಕೆರೆ

ಮಾರ್ಚ್ ೧೪, ಗುರುವಾರ

ಸಿಟ್ಟು ಇನ್ನೂ ಇಳಿದಿಲ್ಲ. ಹಾಲಿಡೇ ಪಾರ್ಕಿನ ಮಾಲೀಕರು ಎರಡು ಕಾಟೇಜುಗಳ ಕಿಟಕಿಗೆ ಹಲಗೆ ಹೊಡೆಸಿ, ಮೇಲೆ ನೀಲಿ ಕೆರೆಯ ವಾಲ್‌ಪೇಪರ್ ಅಂಟಿಸಿದ್ದಾರೆ. ಹಲಗೆಯ ಹಿಂದೆಯೇ ನಿಜವಾದ ಕೆರೆ! ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ.

"ಅದು ಬರೀ ಕೆಸರು ಬಣ್ಣ ಮೇಡಂ. ರಜಾ ಹಾಕಿ ಬಂದವರು ಕೆಸರು ನೋಡ್ತಾರಾ?" ಅಂತಾರೆ ಮಾಲೀಕರು.

ಕಾಟೇಜುಗಳ ಒಳಾಂಗಣ ವಿನ್ಯಾಸ ನನ್ನದು; ಆ ಕೆಸರನ್ನೇ ಅಂಗೈಯಲ್ಲಿ ಹಿಡಿದು ಗೋಡೆಯ ಬಣ್ಣ ಬೆರೆಸಿದವಳು ನಾನು. ಪರದೆಗೆ ದಡದ ಒಣಹುಲ್ಲಿನ ಬಣ್ಣ. ಕಿಟಕಿ ಮುಚ್ಚಿದರೆ ಅದು ಬರೀ ಕೊಳಕು ಗೋಡೆ, ಮಾಸಿದ ಬಟ್ಟೆ. ಇಷ್ಟೂ ಅವರಿಗೆ ತಿಳಿಯಬಾರದೇ?

ಬಡಗಿಯಣ್ಣ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು. "ಹೊಡಿ ಅಂದ್ರು, ಹೊಡೆದೆ ಕಣಮ್ಮ."

"ಸುತ್ತಿಗೆ ಕೊಡಿ ಅಣ್ಣ" ಎಂದೆ.

ಮಾಲೀಕರ ಎದುರೇ ಮೊದಲ ಕಾಟೇಜಿನ ಒಂದೊಂದೇ ಹಲಗೆ ಕಿತ್ತೆ. ಸಂಜೆ ಬೆಳಕು ನುಗ್ಗಿತು. ಕೆರೆ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಯಿತೋ, ನನಗೇ ಗೊತ್ತಾಗಲಿಲ್ಲ. ಮಾಲೀಕರು ಅತ್ತ ತಿರುಗಿಯೂ ನೋಡಲಿಲ್ಲ.

"ನಾಳೆಯಿಂದ ನೀವು ಬರೋದು ಬೇಡ."

ಬೇಡವಂತೆ! ತೋಳು ಸೇದುತ್ತಿದೆ, ಪೆನ್ನು ಹಿಡಿಯಲೂ ಆಗುತ್ತಿಲ್ಲ. ಆದರೆ ಪಕ್ಕದ ಕಾಟೇಜಿನ ಕಿಟಕಿ ಇನ್ನೂ ಮುಚ್ಚಿಯೇ ಇದೆ. ಬಡಗಿಯಣ್ಣ ಸುತ್ತಿಗೆಯನ್ನು ವಾಪಸ್ ಕೇಳಲೇ ಇಲ್ಲ.