ದರ ಕೇಳದೆ ಕೊಟ್ಟವರ ಪರವಾಗಿ

ಹೂಡಿಕೆ ವಂಚನೆಯ ದೂರುಗಳನ್ನು ವಿಚಾರಿಸುವ ಮಾನ್ಯ ಅಧಿಕಾರಿಗಳೇ,

ಹಾಗಲ್ಲ ಸ್ವಾಮಿ. ನಿನ್ನೆ ಕೋತಗಿರಿ ಹತ್ತಿರದ ಕಟ್ಟಬೆಟ್ಟಿನ ಸಮುದಾಯ ಭವನದಲ್ಲಿ ನೀವು ಮೈಕ್ ಹಿಡಿದು ಕೇಳಿದ ಪ್ರಶ್ನೆಗೆ ನಾವು ಸುಮ್ಮನೆ ಕೂತದ್ದು ಉತ್ತರ ಗೊತ್ತಿಲ್ಲದೆ ಅಲ್ಲ. "ಎಷ್ಟು ಕೊಡುತ್ತೀರಿ ಎಂದು ಕೇಳದೆ ತನ್ನ ಗಂಟನ್ನು ಇನ್ನೊಬ್ಬರ ಕೈಗೆ ಹಾಕುವ ಮನುಷ್ಯ ಈ ಭೂಮಿಯ ಮೇಲೆ ಇದ್ದಾನೆಯೇ?" ಎಂದಿರಿ. ನಿಮ್ಮ ಸಹಾಯಕರು ನಕ್ಕರು. ನಾವು ಚಹಾ ಕಪ್ಪಿನೊಳಗೆ ನೋಡುತ್ತ ಕೂತೆವು. ಸಭೆ ಮುಗಿದ ಮೇಲೆ ಒಂದು ಲಕೋಟೆ ನನ್ನ ಕೈಗೆ ಬಂತು. ನಮ್ಮ ಹಟ್ಟಿಯ ಮೂವತ್ತೇಳು ಮನೆಗಳವರು ಸಹಿ ಹಾಕಿ ಕೊಟ್ಟ ದೂರಿಗೆ ಅದರಲ್ಲಿ ಒಂದೇ ಸಾಲಿನ ಉತ್ತರ: ದೂರುದಾರರು ದರವನ್ನಾಗಲಿ ಷರತ್ತನ್ನಾಗಲಿ ವಿಚಾರಿಸದೆ ಹಣ ಕೊಟ್ಟಿರುವುದು ಅವರ ಸ್ವಂತ ಅಜಾಗರೂಕತೆ, ಆದ್ದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ. ಸಾಲು ಇಂಗ್ಲಿಷಿನಲ್ಲಿದೆ. ಹಟ್ಟಿಯಲ್ಲಿ ಇಂಗ್ಲಿಷ್ ಓದಿ ಹೇಳುವವನು ನಾನೊಬ್ಬನೇ. ಇವತ್ತು ಸಂಜೆ ಮನೆಗಳ ಮುಂದಿನ ಹುಲ್ಲುಬಯಲಿನಲ್ಲಿ ಎಲ್ಲರೂ ಸೇರಿದಾಗ ಅದನ್ನು ನಾನು ಓದಿ ಹೇಳಬೇಕು. ಬೆಳಗಿನಿಂದ ಮೂರು ಸಲ ಓದಿಕೊಂಡೆ. ಬಾಯಿ ಬರುತ್ತಿಲ್ಲ. ನನ್ನ ಅಹವಾಲು ಇದೇ.

ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೀಯ ಎನ್ನಬಹುದು. ಇಲ್ಲಿನ ಸರಕಾರದ ಭಾಷೆಯೆಂದು ತಮಿಳಿನಲ್ಲಿ ಎರಡು ಅರ್ಜಿ ಕೊಟ್ಟೆ, ಸ್ವೀಕೃತಿಯ ಮುದ್ರೆ ಸಿಕ್ಕಿತು. ಇಂಗ್ಲಿಷಿನಲ್ಲಿ ಒಂದು ಕೊಟ್ಟೆ, ಮೇಲೆ ಹೇಳಿದ ಸಾಲು ಸಿಕ್ಕಿತು. ಯೌವನದಲ್ಲಿ ಎರಡು ವರ್ಷ ಮೈಸೂರಿನ ಕಾಲೇಜಿನಲ್ಲಿ ಬಿ.ಎ. ಓದಿದವನು ನಾನು. ಮೂರನೆಯ ವರ್ಷ ಅಪ್ಪ ತೀರಿಕೊಂಡರು, ತೋಟ ವಾಪಸು ಕರೆಯಿತು. ಅಲ್ಲಿಂದ ಹೊತ್ತು ತಂದದ್ದು ಓದಲು ಬರೆಯಲು ಸಾಲುವಷ್ಟು ಕನ್ನಡ, ಮತ್ತು ಈಗ ಅರ್ಧ ಮರೆತಿರುವ ಇಂಗ್ಲಿಷ್. ನಿನ್ನೆ ಭಾಷಣದ ನಡುವೆ ನೀವು ಮೈಸೂರಿನವರೆಂದು ಹೇಳಿಕೊಂಡಿರಿ. ಆದ್ದರಿಂದ ಮೈಸೂರಿನ ಪತ್ರಿಕೆಗೇ ಕಳಿಸುತ್ತಿದ್ದೇನೆ. ನೀವು ಓದದಿದ್ದರೂ ನಿಮ್ಮ ಮನೆಯವರು ಯಾರಾದರೂ ಓದಿ ನಿಮಗೆ ಫೋನ್ ಮಾಡಲಿ.

ಸಂತೋಷ್‌ಕುಮಾರ್ ಎಂಬವನ ಹೆಸರು ನಿಮ್ಮ ಫೈಲಿನಲ್ಲಿದೆ. ಅವನು ಎಲ್ಲಿಂದಲೋ ಉದುರಿದ ಮೋಸಗಾರನೆಂದು ನೀವು ತಿಳಿದಿದ್ದೀರಿ. ಅಲ್ಲ. ಹತ್ತು ವರ್ಷ ನಮ್ಮ ಚಹಾ ಎಲೆ ಒಯ್ದವನು. ದಿನಾ ಮಧ್ಯಾಹ್ನ ಲಾರಿ ತಂದು, ರಸ್ತೆಬದಿಯಲ್ಲಿ ತಕ್ಕಡಿ ತೂಗುಹಾಕಿ, ನಮ್ಮ ಹಸಿರೆಲೆಯನ್ನು ಫ್ಯಾಕ್ಟರಿಗೆ ಸಾಗಿಸುತ್ತಿದ್ದ ಏಜೆಂಟು. ಕಳೆದ ವರ್ಷ ಒಂದು ದಿನ ಲಾರಿಯಿಲ್ಲದೆ, ಕೋಟು ಹಾಕಿಕೊಂಡು ಬಂದ. ಎಲೆಯ ಬೆಲೆ ಇಳಿಯುತ್ತಿದೆ, ರೂಪಾಯಿ ಇಳಿಯುತ್ತಿದೆ, ಗೊಬ್ಬರ ಒಂದೇ ಮೇಲೇರುತ್ತಿದೆ, ಬುದ್ಧಿವಂತರೆಲ್ಲ ಒಂದು ಕಾಲನ್ನು ಹೊರದೇಶದಲ್ಲಿ ಊರಿದ್ದಾರೆ ಎಂದ. ಸಮುದ್ರದ ದಡದಲ್ಲಿ ಒಂದು ಸಣ್ಣ ದೇಶವಂತೆ. ಅದರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಪಾಪ, ಆ ದೇಶಕ್ಕೆ ಈ ವ್ಯವಹಾರದ ಸುದ್ದಿಯೇ ಇರಲಿಕ್ಕಿಲ್ಲ. ಅಲ್ಲಿ ಏಳುತ್ತಿರುವ ದೊಡ್ಡ ಕಟ್ಟಡದಲ್ಲಿ ನಮಗೆ ಪಾಲು. ಪಾಲಿನ ಬಾಡಿಗೆ ಪ್ರತಿ ತಿಂಗಳು. ಮೂರು ವರ್ಷ ಕಳೆದರೆ ವರ್ಷಕ್ಕೆ ಆರು ತಿಂಗಳು ಅಲ್ಲೇ ಹೋಗಿ ಇರುವ ಹಕ್ಕು. "ಫೈನಾನ್ಷಿಯಲ್ ಫ್ರೀಡಂ, ಮಾಮಾ" ಎಂದ. "ಇನ್ನು ನೀವು ಕೆಲಸ ಮಾಡೋದು ಬೇಡ, ದುಡ್ಡು ಮಾಡುತ್ತೆ. ಪ್ಯಾಸಿವ್ ಇನ್‌ಕಮ್." ಕಾಲೇಜಿನಲ್ಲಿ ಪ್ಯಾಸಿವ್ ವಾಯ್ಸ್ ಓದಿದ ನೆನಪು ನನಗಿತ್ತು. ಅದರಲ್ಲಿ ಕೆಲಸ ಆಗಿರುತ್ತದೆ, ಮಾಡಿದವನು ಕಾಣುವುದಿಲ್ಲ. ಆದಾಯವೂ ಹಾಗೇ ಇರಬೇಕೆಂದು ಒಪ್ಪಿಕೊಂಡೆ.

ಹೊರದೇಶದ ಹುಚ್ಚು ನಿಮಗ್ಯಾಕೆ ಎಂದು ನಿನ್ನೆ ಗದರಿದಿರಿ. ಹುಚ್ಚು ನಮ್ಮದೇ ಅಲ್ಲ ಸ್ವಾಮಿ, ಕಣ್ಣೆದುರಿಗೆ ನಡೆಯುತ್ತಿರುವುದನ್ನು ನೋಡಿ ಹತ್ತಿದ್ದು. ನಮ್ಮ ಹಟ್ಟಿಯ ಮೇಲಿನ ಇಳಿಜಾರನ್ನು ನನ್ನ ದಾಯಾದಿ ಕಣ್ಣನ್ ಮಾರಿದ. ಈಗ ಅಲ್ಲಿ ಆರು ಗಾಜಿನ ಕಾಟೇಜುಗಳಿವೆ. ಕೆಳಗಿನ ಊರುಗಳಿಂದ ನಲವತ್ತು ವರ್ಷದವರು ಬಂದು, ಉದ್ಯೋಗ ಬಿಟ್ಟೆವು, ಸ್ವತಂತ್ರರಾದೆವು ಎಂದು ಕಂಬಳಿ ಹೊದ್ದು ವಿಡಿಯೋ ಮಾಡುತ್ತಾರೆ. ಹಿಂದೆ ನಮ್ಮ ಮನೆಗಳ ತಗಡು ಕಾಣಿಸುತ್ತದೆ. ಅವರ ಪಾಲಿಗೆ ನಮ್ಮ ಹಟ್ಟಿಯೇ ಫಾರಿನ್. ಅವರು ಸ್ವತಂತ್ರರಾಗಲು ಇಲ್ಲಿಗೆ ಬರುತ್ತಾರೆ, ಸರಿ. ಇಲ್ಲೇ ಹುಟ್ಟಿದವರು ಸ್ವತಂತ್ರರಾಗಲು ಎಲ್ಲಿಗೆ ಹೋಗಬೇಕು? ನಿಮ್ಮ ಇಲಾಖೆಯ ಬಳಿ ಇದಕ್ಕೆ ಸುತ್ತೋಲೆ ಇದ್ದರೆ ಕಳಿಸಿ.

ನನ್ನ ಸ್ವಂತ ಆಸೆಯನ್ನೂ ಮುಚ್ಚಿಡುವುದಿಲ್ಲ. ನನ್ನ ಹೆಂಡತಿ ಪೊನ್ನಮ್ಮ ತೀರಿಕೊಂಡು ನಾಲ್ಕು ವರ್ಷವಾಯಿತು. ಅವಳಿಗೆ ಒಡವೆಯ ಆಸೆ ಇರಲಿಲ್ಲ, ಊರು ನೋಡುವ ಆಸೆಯೂ ಇರಲಿಲ್ಲ. ಬಟ್ಟೆ ಒಣಗುವ ಊರಿನಲ್ಲಿ ಒಂದು ಆರು ತಿಂಗಳು ಇರಬೇಕು ಎನ್ನುತ್ತಿದ್ದಳು, ಅಷ್ಟೇ. ಆಷಾಢದಲ್ಲಿ ಒಗೆದದ್ದನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕಿದರೆ ಎಂಟು ದಿನಕ್ಕೂ ಆರುವುದಿಲ್ಲ, ಹೊಗೆಯ ವಾಸನೆ ಬೇರೆ. ನೀವು ಉದಕಮಂಡಲದ ಕ್ವಾರ್ಟರ್ಸಿನಲ್ಲಿರುವವರು, ನಿಮಗೆ ಗೊತ್ತಿರಬೇಕು. ಸಂತೋಷ್‌ಕುಮಾರ್ ತೋರಿಸಿದ ಚಿತ್ರಪುಸ್ತಕದಲ್ಲಿ ಒಂದು ಬಾಲ್ಕನಿ ಇತ್ತು, ಬಾಲ್ಕನಿಯಲ್ಲಿ ಬಿಸಿಲು ಇತ್ತು, ಬಿಸಿಲಿನಲ್ಲಿ ಯಾರದೋ ಬಿಳಿ ಟವೆಲ್ ಒಣಗುತ್ತಿತ್ತು. ನಾನು ಆ ಟವೆಲ್ಲಿಗೆ ಹಣ ಕೊಟ್ಟೆ. ಕಟ್ಟಡಕ್ಕಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅವನು ಕೊಟ್ಟ ಇಂಗ್ಲಿಷ್ ಕಾಗದವನ್ನು ಆ ಸಂಜೆ ಬಯಲಿನಲ್ಲಿ ಓದಿ ಹೇಳಿದವನು ನಾನೇ. ಬಾಡಿಗೆಯ ದರವೆಷ್ಟು ಎಂಬ ಜಾಗದಲ್ಲಿ 'ಮುಂದೆ ತಿಳಿಸಲಾಗುವುದು' ಎಂದಿತ್ತು. ಅಲ್ಲಿಗೆ ಬಂದಾಗ ನಾನು ಒಂದು ಗಳಿಗೆ ನಿಂತೆ. ಲಿಂಗಮ್ಮಕ್ಕ ಎಂಬವರು, ನಮ್ಮ ಹಟ್ಟಿಯ ಹಿರಿಯರು, ಎಪ್ಪತ್ತನಾಲ್ಕು ವರ್ಷದವರು, ಗಂಡನಿಲ್ಲದವರು, ಏನಂತೆ ಭೋಜಾ ಎಂದು ಕೇಳಿದರು. ನಾನು ಏನು ಹೇಳಿದೆ ಎಂಬುದನ್ನು ನಿಮ್ಮ ಫೈಲಿನಲ್ಲಿ ಬರೆದುಕೊಳ್ಳಿ:

"ನಮ್ಮ ಎಲೆ ಹಾಗೇ ತಾನೆ ಅಕ್ಕಾ. ಮೊದಲು ಕೊಡೋದು. ದರ ಆಮೇಲೆ ಬರುತ್ತೆ."

ಎಲ್ಲರೂ ತಲೆಯಾಡಿಸಿದರು. ಅವತ್ತು ಆ ಬಯಲಿನಲ್ಲಿ ಅದಕ್ಕಿಂತ ಸಹಜವಾದ ಮಾತು ಬೇರೆ ಇರಲಿಲ್ಲ.

ಯಾಕೆ ಗೊತ್ತೇ? ನೀವು ಕುಡಿದ ಚಹಾ ಹೇಗೆ ಹುಟ್ಟುತ್ತದೆ ಎಂದು ಯಾರೂ ನಿಮಗೆ ಹೇಳಿಲ್ಲವೆಂದು ಕಾಣುತ್ತದೆ. ನಾನು ಇವತ್ತು ಎಲೆ ಕೊಯ್ಯಿಸುತ್ತೇನೆ. ಇವತ್ತೇ ತೂಗಿ ಕೊಡುತ್ತೇನೆ, ಇಟ್ಟುಕೊಳ್ಳುವ ಹಾಗಿಲ್ಲ, ನಾಳೆಗೆ ಕಪ್ಪಾಗುತ್ತದೆ. ಏಜೆಂಟು ಒಂದು ಚೀಟಿ ಕೊಡುತ್ತಾನೆ. ಅದರಲ್ಲಿ ಕಿಲೋ ಇರುತ್ತದೆ, ರೂಪಾಯಿ ಇರುವುದಿಲ್ಲ. ಆ ಎಲೆ ಚಹಾಪುಡಿಯಾಗಿ, ಹರಾಜಾಗಿ, ಎಲ್ಲೋ ಸರಾಸರಿ ತೆಗೆದು, ಮುಂದಿನ ತಿಂಗಳು ಒಂದು ದಿನ ನನಗೆ ಗೊತ್ತಾಗುತ್ತದೆ, ಕಳೆದ ತಿಂಗಳು ನಾನು ಎಷ್ಟಕ್ಕೆ ಮಾರಿದ್ದೆ ಎಂದು. ನಡುವೆ ಎಲೆ ಒದ್ದೆಯಿದೆ ಎಂದು ಮೂಟೆಗೆ ಇಷ್ಟು ಕಿಲೋ ಕಡಿತ, ಸುಡುಬಿಸಿಲಿನ ದಿನವೂ ಕಡಿತ. ಅಪ್ಪ ಹೀಗೆ ಮಾರಿದರು, ನಾನು ಹೀಗೆ ಮಾರಿದೆ. ಅರವತ್ತೊಂಬತ್ತು ವರ್ಷದಲ್ಲಿ ನನ್ನ ಬೆಳೆಗೆ ಎಷ್ಟು ಕೊಡುತ್ತೀರಿ ಎಂದು ತಕ್ಕಡಿಯ ಮುಂದೆ ನಿಂತು ಕೇಳಿದವನಲ್ಲ. ಕೇಳಿದರೆ ಏಜೆಂಟು ನಗುತ್ತಾನೆ, ನಿಮ್ಮ ಸಹಾಯಕರು ನಕ್ಕ ಹಾಗೆಯೇ. ಬೇರೆ ಊರಿನವರಿಗೆ ಯಾವ ಸಾಲು ಎಚ್ಚರಿಕೆಯ ಗಂಟೆಯಾಗಿ ಕೇಳಿಸಬೇಕಿತ್ತೋ, ಅದೇ ಸಾಲು ನಮ್ಮ ಕಿವಿಗೆ ಪರಿಚಯದ ಮಾತಾಗಿ ಕೇಳಿಸಿತು. ಸಂತೋಷ್‌ಕುಮಾರ್ 'ಖರ್ಚಿನ ಬಾಬ್ತು' ಎಂದು ಮೊದಲೇ ಸ್ವಲ್ಪ ಹಣ ಕತ್ತರಿಸಿಕೊಂಡಾಗಲೂ ಯಾರೂ ತುಟಿ ಬಿಚ್ಚಲಿಲ್ಲ. ಕತ್ತರಿಸದಿದ್ದರೆ ಅನುಮಾನ ಬರುತ್ತಿತ್ತು.

ಒಬ್ಬಳಿಗೆ ಮಾತ್ರ ಇದು ಒಗ್ಗಲಿಲ್ಲ. ವಳ್ಳಿ ನಮ್ಮ ತೋಟದಲ್ಲಿ ಎಲೆ ಕೊಯ್ಯುವವಳು. ಅವಳು ಹುಟ್ಟಿದ್ದು ಸಿಲೋನಿನ ಚಹಾತೋಟದಲ್ಲಿ, ಕೂಲಿಗಳಿಗೆ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ. ಎರಡು ಸರಕಾರಗಳು ಕೂತು ಮಾತಾಡಿ, ಇವರು ನಿಮ್ಮವರು ಎಂದು ಹಡಗು ಹತ್ತಿಸಿದಾಗ ಅವಳಿಗೆ ಆರು ವರ್ಷ. ಹೊರದೇಶದ ವಾಸದ ಅನುಭವ ನಮ್ಮ ಪೈಕಿ ಯಾರಿಗಾದರೂ ಇದ್ದರೆ ಅವಳೊಬ್ಬಳಿಗೆ. ಚಿತ್ರಪುಸ್ತಕ ತೋರಿಸಿದೆ. ನೋಡಿ, ಕೈ ಒರೆಸಿಕೊಂಡು, ದಿವಸಕ್ಕೆ ಎಷ್ಟು ಕೊಡುತ್ತಾರಂತೆ ಎಂದು ಕೇಳಿದಳು. ಆಮೇಲೆ ಹೇಳುತ್ತಾರೆ ಎಂದೆ.

"ಅದೆಂಗೆ ಅಯ್ಯಾ? ಕಿಲೋಗೆ ಇಷ್ಟು ಅಂತ ಬೆಳಿಗ್ಗೆ ನೀವು ಹೇಳದೆ ನಾನು ಬುಟ್ಟಿ ಎತ್ತಿದ್ದೇನಾ ಎಂದಾದರೂ?"

ಎತ್ತಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಎತ್ತಿಲ್ಲ. ಅವಳ ಕೂಲಿಯ ದರ ನಾನು ಬೆಳಿಗ್ಗೆಯೇ ಹೇಳಬೇಕು. ನನ್ನ ಎಲೆಯ ದರ ನನಗೆ ಮುಂದಿನ ತಿಂಗಳು ಹೇಳುತ್ತಾರೆ. ಹಾಗಾದರೆ ನಮ್ಮಿಬ್ಬರಲ್ಲಿ ಯಜಮಾನ ಯಾರು? ಅವತ್ತು ಅವಳ ಮಾತನ್ನು ಕೂಲಿಯವಳ ಮಾತೆಂದು ಬಿಟ್ಟೆ. ಹಾಗೆ ಬಿಟ್ಟದ್ದನ್ನೂ ಅಜಾಗರೂಕತೆ ಎಂದು ಬರೆಯುವುದಾದರೆ ಬರೆಯಿರಿ, ಒಪ್ಪುತ್ತೇನೆ.

ಮುಂದಿನದು ನಿಮಗೆ ಗೊತ್ತು. ನಾಲ್ಕು ತಿಂಗಳು ಏನೋ ಬಂತು. ದರ ಎಷ್ಟೆಂದು ಗೊತ್ತಿಲ್ಲದ್ದರಿಂದ ಬಂದದ್ದು ಸರಿಯೋ ಕಡಿಮೆಯೋ ಎಂದೂ ಗೊತ್ತಾಗಲಿಲ್ಲ. ಐದನೆಯ ತಿಂಗಳು ಫೋನ್ ಸ್ವಿಚ್ಡ್ ಆಫ್. ಆಗಲೂ ನಾವು ಎರಡು ತಿಂಗಳು ಕಾದೆವು, ಹರಾಜು ತಡವಾಗಿರಬೇಕು ಎಂಬಂತೆ. ಆಮೇಲೆ ಲಿಂಗಮ್ಮಕ್ಕ ನನ್ನ ಮನೆಗೆ ಬಂದರು. ಮಳೆಗೆ ಕೂತುಹೋದ ಹಿಂದಿನ ಗೋಡೆಯನ್ನು ಎತ್ತಿಸಲು ಇಟ್ಟಿದ್ದ ಹಣ ಅವರದು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಎದುರು ಕೂತು, ನಾನು ಕೊಟ್ಟ ಕಾಫಿ ಕುಡಿದು, ಲೋಟ ತೊಳೆದಿಟ್ಟು, ಹೊರಡುವಾಗ ಒಂದೇ ಮಾತು ಹೇಳಿದರು.

"ನೀ ಓದಿದ್ದು ಸರಿಯಾಗೇ ಇತ್ತು ಭೋಜಾ. ನಂಗಳಿಗೇ ಅರ್ಥ ಆಗಲಿಲ್ಲ."

ಸ್ವಾಮಿ, ಆ ಮಾತನ್ನು ಇಟ್ಟುಕೊಂಡು ನಾನು ಬದುಕಬೇಕಿದೆ. ಈಗ ಅದರ ಮೇಲೆ ನಿಮ್ಮ ಮುದ್ರೆಯೂ ಬಿದ್ದಿದೆ. ಸರಕಾರವೇ ಹೇಳಿತು, ತಪ್ಪು ನಮ್ಮದೇ ಎಂದು ಅವರು ನಂಬಿಬಿಡುತ್ತಾರೆ. ಓದಿ ಹೇಳುವವನೂ ನಾನೇ, ಆದ್ದರಿಂದ ಇನ್ನೂ ಬಲವಾಗಿ ನಂಬುತ್ತಾರೆ.

ಎಲೆಯ ದರ ನನ್ನ ಇಲಾಖೆಗೆ ಬರುವುದಿಲ್ಲ ಎನ್ನುತ್ತೀರಿ, ಬಲ್ಲೆ. ನಿಮ್ಮದು ಮೋಸದ ಇಲಾಖೆ, ಅದು ಚಹಾದ ಇಲಾಖೆ, ನಡುವೆ ಎರಡು ಮಹಡಿ, ಒಂದು ಲಿಫ್ಟ್. ಆದರೆ ಒಂದು ಮಹಡಿಯಲ್ಲಿ ಕೂತವರು ದರ ಕೇಳದೆ ಕೊಡುವುದನ್ನು ಐವತ್ತು ವರ್ಷ ನಮಗೆ ಅಭ್ಯಾಸ ಮಾಡಿಸಿ, ಇನ್ನೊಂದು ಮಹಡಿಯಲ್ಲಿ ಕೂತವರು ದರ ಯಾಕೆ ಕೇಳಲಿಲ್ಲ ಎಂದು ನಕ್ಕರೆ, ಮೆಟ್ಟಿಲಲ್ಲಿ ನಿಂತವರು ಯಾರ ಮುಖ ನೋಡಬೇಕು? ಸಂತೋಷ್‌ಕುಮಾರ್ ಹೊಸದಾಗಿ ಏನನ್ನೂ ಕಂಡುಹಿಡಿಯಲಿಲ್ಲ. ನಮ್ಮಲ್ಲಿ ಮೊದಲೇ ಇದ್ದ ಪದ್ಧತಿಗೆ ಒಂದು ಬಾಲ್ಕನಿ ಕಟ್ಟಿದ, ಅಷ್ಟೇ. ಅವನನ್ನು ಹಿಡಿದಾಗ ಈ ಮಾತನ್ನೂ ಅವನಿಗೆ ತಿಳಿಸಿ, ಖುಷಿಪಟ್ಟಾನು.

ನಾನು ಕೇಳುವುದು ಇಷ್ಟು. ಆ ಸಾಲನ್ನು ವಾಪಸು ತೆಗೆದುಕೊಳ್ಳಿ. ನನ್ನದನ್ನು ಬಿಟ್ಟು ಉಳಿದ ಮೂವತ್ತಾರು ಮನೆಗಳ ದೂರನ್ನು ಮತ್ತೆ ತೆರೆಯಿರಿ. ಅವರು ದರ ಕೇಳಿದ್ದರು, ನನ್ನನ್ನು ಕೇಳಿದ್ದರು, ನಾನು ಉತ್ತರ ಹೇಳಿದ್ದೆ. ಫೈಲು ಮುಚ್ಚಲು ಯಾರದಾದರೂ ಅಜಾಗರೂಕತೆ ಬೇಕೇಬೇಕು ಎಂದಿದ್ದರೆ ನನ್ನ ಹೆಸರನ್ನು ಪೂರ್ತಿ ಬರೆಯಿರಿ, ಅಪ್ಪನ ಹೆಸರು, ಸರ್ವೆ ನಂಬರು ಸಹಿತ. ಪಕ್ಕದಲ್ಲಿ ಒಂದು ಜಾಗ ಖಾಲಿ ಬಿಡಿ, ನಮಗೆ ಈ ಪಾಠ ಕಲಿಸಿದವರು ಬಂದು ಸಹಿ ಹಾಕಲಿ. ಮತ್ತೆ, ಲಿಫ್ಟಿನಲ್ಲಿ ಆ ಇನ್ನೊಂದು ಮಹಡಿಯವರು ಸಿಕ್ಕಾಗ, ಎಲೆ ತಕ್ಕಡಿಗೆ ಏರುವ ಮೊದಲು ಅದರ ದರವನ್ನು ಬೋರ್ಡಿನ ಮೇಲೆ ಬರೆಸಿ ಎಂದು ಒಂದು ಮಾತು ಹೇಳಿ. ವಳ್ಳಿಗೆ ಸಿಗುವ ಮರ್ಯಾದೆ ನಮಗೂ ಸಿಗಲಿ.

ಇನ್ನೂ ಬರೆಯುವುದಿತ್ತು. ಆದರೆ ಮಂಜು ಕಿಟಕಿಗೆ ಬಂದಿದೆ, ಬೆಳಕು ಹೋಗುತ್ತಿದೆ, ಸಾಲಿನ ಮೇಲೆ ಸಾಲು ಬೀಳುತ್ತಿದೆ. ಬಯಲಿನಲ್ಲಿ ಜನ ಸೇರುತ್ತಿದ್ದಾರೆ. ಲಿಂಗಮ್ಮಕ್ಕ ಆಗಲೇ ಬಂದು ಮುಂದೆ ಕೂತಿದ್ದಾರೆ. ನಿಮ್ಮ ಪತ್ರವನ್ನು ಒಂದಕ್ಷರ ಬಿಡದೆ ಓದಿ ಹೇಳುತ್ತೇನೆ. 'ದೂರುದಾರರು' ಎಂದು ಬರುವ ಕಡೆ ಮಾತ್ರ ನನ್ನ ಹೆಸರು ಹೇಳುತ್ತೇನೆ. ತರ್ಜುಮೆ ತಪ್ಪು ಎನಿಸಿದರೆ ನೀವೇ ಬಂದು, ಅವರ ಮುಖ ನೋಡಿ, ತಿದ್ದಬಹುದು.

ಇಂತಿ,
ಇವತ್ತಿನವರೆಗೆ ಹಟ್ಟಿಯ ಇಂಗ್ಲಿಷ್ ಓದುತ್ತಿದ್ದ,
ಭೋಜನ್
ಕಟ್ಟಬೆಟ್ಟಿನ ಹತ್ತಿರ, ಕೋತಗಿರಿ